ಹಿಂಬದಿ ಗಾಜಿನ ರಬ್ಬರ್ ಬೀಡಿಂಗನ್ನು ಮತ್ತೆ ಕೂರಿಸಿದ ನನ್ನ ಅನುಭವ

ಗದಗಿನಿಂದ ಹುಬ್ಬಳ್ಳಿಯ ಅಮರಗೋಳ ಎಪಿಎಂಸಿಗೆ ಉಳ್ಳಾಗಡ್ಡಿ ಸಾಗಿಸುವ ನನ್ನ ಹಳೆಯ ಪಿಕಪ್‌ನ ಕ್ಯಾಬಿನ್‌ನಲ್ಲಿ ಕಳೆದ ಮುಂಗಾರಿನಲ್ಲಿ ಸೀಟಿನ ಹಿಂದೆ ನೀರು ನಿಲ್ಲತೊಡಗಿತು. ಜ್ಯಾಕ್ ಇಡುವ ಜಾಗಕ್ಕೆ ತುಕ್ಕು ಹಿಡಿದಿತ್ತು, ಅಲ್ಲಿಟ್ಟಿದ್ದ ಬಾಡಿಗೆಯ ಚೀಟಿಗಳು ತೊಯ್ದು ಮುದ್ದೆಯಾಗಿದ್ದವು. ನೀರು ಕೆಳಗೆ ಕಂಡದ್ದರಿಂದ ನೆಲದ ತಗಡೇ ತೂತಾಗಿದೆಯೆಂದು ತಿಳಿದು ಎರಡು ದಿನ ಅದನ್ನೇ ಹುಡುಕಿದೆ.

ಆಮೇಲೆ ಮಗನ ಕೈಗೆ ಟಾರ್ಚ್ ಕೊಟ್ಟು ಒಳಗೆ ಕೂರಿಸಿ, ನಾನು ಹೊರಗಿನಿಂದ ಪೈಪಿನ ನೀರನ್ನು ರಭಸವಿಲ್ಲದಂತೆ, ಹಿಂಬದಿ ಗಾಜಿನ ಕೆಳಂಚಿನಿಂದ ಆರಂಭಿಸಿ ನಿಧಾನವಾಗಿ ಮೇಲಕ್ಕೆ ಹಾಯಿಸಿದೆ. ಮೇಲಿನಿಂದ ಸುರಿದರೆ ಇಳಿಯುವ ನೀರು ಎಲ್ಲ ಕಡೆಗೂ ಹರಿದು, ಯಾವ ಸಂದಿಯಿಂದ ಒಳಬಂತೆಂಬುದೇ ತಿಳಿಯುವುದಿಲ್ಲ. ನೀರು ಬಲಗಡೆಯ ಮೇಲಿನ ಮೂಲೆಗೆ ಮುಟ್ಟಿದ ಕೂಡಲೇ, "ಅಪ್ಪಾ, ಈ ಮೂಲ್ಯಾಗಿಂದ ಬರಾಕತ್ತೇತಿ ನೋಡ್ರಿ" ಎಂದು ಅವನು ಒಳಗಿನಿಂದ ಕೂಗಿದ.

ಗಾಜಿನ ಸುತ್ತ ಕೂರುವ ಈ ರಬ್ಬರ್ ಪಟ್ಟಿಗೆ, ಅಂದರೆ ಬೀಡಿಂಗ್‌ಗೆ, ಉದ್ದಕ್ಕೂ ಕಾಲುವೆಯಂಥ ಎರಡು ತೋಡುಗಳಿರುತ್ತವೆ. ಒಂದು ಗಾಜನ್ನು ಹಿಡಿದರೆ ಇನ್ನೊಂದು ಕ್ಯಾಬಿನ್‌ನ ತಗಡಿನ ಅಂಚನ್ನು ಕಚ್ಚಿ ನಿಲ್ಲುತ್ತದೆ. ವರ್ಷಗಟ್ಟಲೆ ಬಿಸಿಲುಂಡ ರಬ್ಬರ್ ಗಟ್ಟಿಯಾಗಿ ಕುಗ್ಗಿದ್ದರಿಂದ ಆ ಮೂಲೆಯಲ್ಲಿ ತಗಡಿನ ಹಿಡಿತ ಬಿಟ್ಟಿತ್ತು. ತೆರೆದ ಸಂದಿಯಲ್ಲಿ ಎರೆಮಣ್ಣಿನ ನುಣ್ಣನೆಯ ಧೂಳು ಸೇರಿ, ಮಳೆಯಲ್ಲಿ ಹಸಿಯಾಗಿ ತಗಡನ್ನು ಸದಾ ತೇವದಲ್ಲಿಟ್ಟಿತ್ತು. ಹಿಂದೊಮ್ಮೆ ಅಲ್ಲಿಗೆ ಮೆತ್ತಿಸಿದ್ದ ಸಿಲಿಕೋನ್ ಅಂಟಿನ ಪದರವನ್ನು ಕೆರೆದಾಗ ಅದರ ಅಡಿಯಲ್ಲಿಯೇ ಹೆಚ್ಚು ತುಕ್ಕಿತ್ತು. ಹಾಕುವಾಗ ವಿನೆಗರಿನ ಹುಳಿ ವಾಸನೆ ಬರುವ ಸಿಲಿಕೋನ್ ಒಣಗುತ್ತ ಆಮ್ಲವನ್ನು ಬಿಡುತ್ತದೆ. ಅದನ್ನು ತಗಡಿಗೆ ತಾಗಿಸಬಾರದು.

ಗಾಜನ್ನು ತೆಗೆಯಲು ಸ್ಕ್ರೂಡ್ರೈವರ್ ಬಳಸಲಿಲ್ಲ. ಹಿಂಬದಿಯದು ಹದಗೊಳಿಸಿದ ಗಾಜು. ಅಂಚಿಗೆ ಕಬ್ಬಿಣದ ಏಟು ಬಿದ್ದರೆ ಇಡೀ ಗಾಜು ಕಾಳುಕಾಳಾಗಿ ಉದುರುತ್ತದೆ. ಮರದ ಚಪ್ಪಟೆ ಪಟ್ಟಿಯಿಂದ ರಬ್ಬರಿನ ಒಳತುಟಿಯನ್ನು ಅಂಚಿನಿಂದ ಬಿಡಿಸುತ್ತ, ಮೇಲಿನ ಮೂಲೆಯಿಂದ ಅಂಗೈಯಲ್ಲಿ ಒತ್ತಿದೆ. ಮಗ ಹೊರಗೆ ನಿಂತು ಗಾಜನ್ನು ಹಿಡಿದುಕೊಂಡ. ತಗಡಿನ ಅಂಚನ್ನು ಎಮರಿ ಪೇಪರಿನಿಂದ ಹೊಳೆಯುವವರೆಗೆ ಉಜ್ಜಿ, ರೆಡ್ ಆಕ್ಸೈಡ್ ಹಚ್ಚಿ, ಮೇಲೆ ಬಣ್ಣ ಬಳಿದು, ಒಂದು ಪೂರ್ತಿ ದಿನ ಒಣಗಲು ಬಿಟ್ಟೆ. ಈ ಹಂತದಲ್ಲಿ ಅವಸರ ಮಾಡಿದರೆ ಹೊಸ ರಬ್ಬರಿನ ಕೆಳಗೆ ಹಳೆಯ ತುಕ್ಕು ಬೆಳೆಯುತ್ತಲೇ ಇರುತ್ತದೆ.

ಹಳೆಯ ಬೀಡಿಂಗನ್ನು ಬಾಗಿಸಿದಾಗ ಬಿರುಕು ಬಿಟ್ಟಿದ್ದರಿಂದ, ಅದರ ಬೆರಳುದ್ದದ ತುಂಡೊಂದನ್ನು ಹುಬ್ಬಳ್ಳಿಯ ಬಿಡಿಭಾಗಗಳ ಅಂಗಡಿಗೆ ಒಯ್ದು, ತೋಡುಗಳ ಅಗಲ ಎರಡೂ ಕಡೆ ಹೊಂದುವ ಹೊಸದನ್ನು ತಂದೆ. ಕತ್ತರಿಸುವಾಗ ಸುತ್ತಳತೆಗಿಂತ ಸುಮಾರು 1 ಸೆಂಟಿಮೀಟರ್ ಹೆಚ್ಚೇ ಉಳಿಸಿಕೊಂಡೆ. ಎಳೆದು ಕೂರಿಸಿದ ರಬ್ಬರ್ ಕೆಲವೇ ದಿನಗಳಲ್ಲಿ ಕುಗ್ಗಿ ಕೂಡುವಲ್ಲಿ ಬಾಯಿ ಬಿಡುತ್ತದೆ.

ಮೊದಲು ರಬ್ಬರನ್ನು ಗಾಜಿಗೆ ತೊಡಿಸಿ, ತಗಡು ಕೂರುವ ತೋಡಿನಲ್ಲಿ ಸುತ್ತಲೂ ತೆಳು ನೈಲಾನ್ ಹುರಿಯನ್ನು ಇಟ್ಟು, ಅದರ ಎರಡೂ ತುದಿಗಳು ಕೆಳಗಿನ ನಡುಭಾಗದಲ್ಲಿ ಒಂದರ ಮೇಲೊಂದು ಹಾಯ್ದು ಕ್ಯಾಬಿನ್ ಒಳಗೆ ಬರುವಂತೆ ಮಾಡಿದೆ. ಜಾರಲು ಸಾಬೂನಿನ ನೀರನ್ನಷ್ಟೇ ಹಚ್ಚಿದೆ. ಡೀಸೆಲ್, ಗ್ರೀಸ್ ಸೋಕಿದ ರಬ್ಬರ್ ಉಬ್ಬಿ ಮೆತ್ತಗಾಗುತ್ತದೆ. ಮಗ ಹೊರಗಿನಿಂದ ಎರಡೂ ಅಂಗೈಗಳಿಂದ ಸಮನಾಗಿ ಒತ್ತುತ್ತಿದ್ದಂತೆ ನಾನು ಒಳಗಿನಿಂದ ಹುರಿಯನ್ನು ಸ್ವಲ್ಪ ಸ್ವಲ್ಪವಾಗಿ ಎಳೆದೆ. ಹುರಿ ಹೊರಬಂದಲ್ಲೆಲ್ಲ ರಬ್ಬರಿನ ತುಟಿ ಅಂಚನ್ನು ದಾಟಿ ಒಳಗೆ ಕುಳಿತಿತು. ಮೂಲೆಗಳಲ್ಲಿ ಮಾತ್ರ ಎಳೆತ ನಿಲ್ಲಿಸಿ, ಮತ್ತೆ ಸಾಬೂನು ನೀರು ಹಾಕಿ, ಒತ್ತಡ ಅಲ್ಲಿಗೇ ಬೀಳುವಂತೆ ನೋಡಿಕೊಳ್ಳಬೇಕಾಯಿತು.

ಬಾಗಿಲಿನ ಸಡಿಲ ರಬ್ಬರಿಗೆ ಇಷ್ಟು ಶ್ರಮ ಬೇಕಾಗಲಿಲ್ಲ. ಎರಡೂ ಮೈಗಳನ್ನು ಒರೆಸಿ, ರಬ್ಬರ್ ಅಂಟನ್ನು ತೆಳುವಾಗಿ ಹಚ್ಚಿ, ಬೆರಳಿಗೆ ಅಂಟದಷ್ಟು ಆರಿದ ಮೇಲೆ ಒತ್ತಿದೆ. ಬಾಗಿಲಿನ ಅಡಿಯಲ್ಲಿ ನೀರು ಹೊರಹೋಗಲು ಇರುವ ರಂಧ್ರಗಳನ್ನು ತಂತಿಯಿಂದ ಬಿಡಿಸಿದೆ. ಸೋರಿಕೆಯೆಂದು ತಿಳಿದು ಅವುಗಳನ್ನು ಮುಚ್ಚಬಾರದು.

ಮರುವಾರ ಅಣ್ಣಿಗೇರಿ ದಾಟುವಾಗ ಜೋರು ಮಳೆ ಹಿಡಿಯಿತು. ಅಮರಗೋಳದಲ್ಲಿ ಇಳಿದು ಸೀಟು ಎತ್ತಿ ನೋಡಿದರೆ, ಜ್ಯಾಕಿನ ಕೆಳಗೆ ಹಾಸಿದ್ದ ಹಳೆಯ ಪತ್ರಿಕೆ ಒಣಗಿಯೇ ಇತ್ತು.