ಮಾತ್ರೆ ಹೋಗುತ್ತದೆ, ಕಿಣ್ವ ಬರಬೇಕು

ಇಂಗ್ಲೆಂಡಿನಲ್ಲಿ ಮನೋವೈದ್ಯೆಯಾಗಿರುವ ನಾನು ಫೀನೆಲ್ಜಿನ್ ಎಂಬ ಖಿನ್ನತೆ ಮಾತ್ರೆ ಬರೆಯುವುದು ಅಪರೂಪ. ಬೇರೆ ಯಾವ ಮಾತ್ರೆಗೂ ಖಿನ್ನತೆ ಬಗ್ಗದಿದ್ದಾಗ ಮಾತ್ರ. ಬರೆಯುವ ದಿನ ಅವಸರ ಮಾಡುವುದಿಲ್ಲ. ಕೂರಿಸಿಕೊಂಡು ಒಳಗೆ ಏನಾಗುತ್ತದೆ ಅಂತ ಹೇಳುತ್ತೇನೆ.

ನರಕೋಶಗಳು ಸೆರೊಟೋನಿನ್, ನಾರ್‌ಅಡ್ರಿನಲಿನ್, ಡೋಪಮಿನ್ ಮೂಲಕ ಒಂದಕ್ಕೊಂದು ಸುದ್ದಿ ಮುಟ್ಟಿಸುತ್ತವೆ. ಇವನ್ನು ಒಡೆದುಹಾಕುವ ಕಿಣ್ವವೇ ಮಾನೊಅಮೈನ್ ಆಕ್ಸಿಡೇಸ್. ಫೀನೆಲ್ಜಿನ್ ಅದಕ್ಕೆ ಅಂಟಿಕೊಂಡರೆ ಮುಗೀತು, ಬೀಗದೊಳಗೆ ಮುರಿದ ಕೀಲಿಯ ಹಾಗೆ. ಒಡೆಯುವುದು ನಿಂತು ಆ ರಾಸಾಯನಿಕಗಳು ಜಾಸ್ತಿಯಾಗುತ್ತವೆ. ಮನಸ್ಸು ಹಗುರಾಗಲು ಮಾತ್ರ ಕೆಲವು ವಾರ ಬೇಕು. ಯಾಕೆ ಇಷ್ಟು ತಡ ಎನ್ನುವುದಕ್ಕೆ ಪೂರ್ತಿ ಉತ್ತರ ಯಾರ ಬಳಿಯೂ ಇಲ್ಲ.

ಈ ಮಾತ್ರೆ ನುಂಗುವಾಗ ಚೀಸ್‌ನಂಥ ಕೆಲವು ತಿನಿಸು ಬಿಡಬೇಕು. “ಡಾಕ್ಟರ್, ಮಾತ್ರೆ ನಿನ್ನೆ ಬಿಟ್ಟೆ. ಇವತ್ತು ಚೀಸ್ ತಿನ್ನಬಹುದಲ್ವಾ?” ಅನ್ನುವವರಿದ್ದಾರೆ. ಆಗಲ್ಲ. ಮಾತ್ರೆ ಕೆಲವೇ ದಿನಗಳಲ್ಲಿ ದೇಹದಿಂದ ಹೋಗುತ್ತದೆ, ನಿಜ. ಆದರೆ ಕೆಟ್ಟ ಕಿಣ್ವ ರಿಪೇರಿಯಾಗುವುದಿಲ್ಲ, ದೇಹ ಹೊಸದನ್ನೇ ತಯಾರಿಸಬೇಕು. ಅದಕ್ಕೇ 2 ವಾರ ಪಥ್ಯ ಮುಂದುವರಿಸಿ ಅನ್ನುವುದು. ಬೇರೆ ಖಿನ್ನತೆ ಮಾತ್ರೆ ಶುರು ಮಾಡಲೂ ಅಷ್ಟೇ ಕಾಯಬೇಕು. ಫ್ಲೂಆಕ್ಸೆಟಿನ್ ಎಂಬ ಇನ್ನೊಂದು ಖಿನ್ನತೆ ಮಾತ್ರೆ ಬಿಟ್ಟು ಫೀನೆಲ್ಜಿನ್‌ಗೆ ಬರುವವರಿಗೆ 5 ವಾರ, ಯಾಕೆಂದರೆ ಅಲ್ಲಿ ಔಷಧಿಯೇ ಬೇಗ ಹೋಗುವುದಿಲ್ಲ. ಆ ಖಾಲಿ ವಾರಗಳು ಬಲು ಕಷ್ಟ. ವಾರವಾರ ಫೋನ್ ಮಾಡಿ ವಿಚಾರಿಸುತ್ತೇನೆ.

ಇನ್ನು ಚೀಸ್ ವಿಷಯ. ಹಳೆಯ ಚೀಸ್‌ನಲ್ಲಿ ಟೈರಮಿನ್ ಎಂಬ ರಾಸಾಯನಿಕ ಇರುತ್ತದೆ. ಸಾಮಾನ್ಯವಾಗಿ ಕರುಳು, ಯಕೃತ್ತಿನಲ್ಲಿರುವ ಇದೇ ಕಿಣ್ವ ಅದನ್ನು ಮುಗಿಸಿಬಿಡುತ್ತದೆ. ಕಿಣ್ವ ಇಲ್ಲದಿದ್ದರೆ ಟೈರಮಿನ್ ಸೀದಾ ರಕ್ತಕ್ಕೆ ಹೋಗಿ, ನರತುದಿಗಳಲ್ಲಿ ಕೂಡಿಟ್ಟ ನಾರ್‌ಅಡ್ರಿನಲಿನ್ ಅನ್ನು ಹೊರದಬ್ಬುತ್ತದೆ. ಬಿಪಿ ದಿಢೀರನೆ ಏರುತ್ತದೆ, ತಲೆ ಸಿಡಿಯುತ್ತದೆ, ಮೆದುಳಿನಲ್ಲಿ ರಕ್ತಸ್ರಾವವೂ ಆಗಬಹುದು. 1963ರಲ್ಲಿ ಈ ನಂಟನ್ನು ಪ್ರಕಟಿಸಿದ್ದು ಲಂಡನ್ನಿನ ಯುವ ವೈದ್ಯ ಬ್ಯಾರಿ ಬ್ಲ್ಯಾಕ್‌ವೆಲ್. ಸುಳಿವು ಕೊಟ್ಟಿದ್ದು ಒಬ್ಬ ಫಾರ್ಮಸಿಸ್ಟ್ ಬರೆದ ಪತ್ರ: ಇದೇ ಬಗೆಯ ಮಾತ್ರೆ ನುಂಗುತ್ತಿದ್ದ ತನ್ನ ಹೆಂಡತಿಗೆ ಚೀಸ್ ತಿಂದಾಗ ವಿಪರೀತ ತಲೆನೋವು! ಮನೆಯವರು ಗಮನಿಸಿದ್ದನ್ನು ತಳ್ಳಿಹಾಕಬಾರದು ಅಂತ ನನ್ನ ಜೂನಿಯರ್‌ಗಳಿಗೆ ಈ ಕಥೆ ಹೇಳುತ್ತಿರುತ್ತೇನೆ.

ಹಳೆಯ ಚೆಡ್ಡರ್, ಮಾರ್ಮೈಟ್ (ಬ್ರೆಡ್ಡಿಗೆ ಹಚ್ಚುವ ಯೀಸ್ಟ್ ಸಾರ), ಸಲಾಮಿ, ಸೋಯಾ ಸಾಸ್, ಪಬ್ಬಿನಲ್ಲಿ ನಲ್ಲಿಯಿಂದ ಹಿಡಿದುಕೊಡುವ ಬಿಯರ್ ಬೇಡ. ತಾಜಾ ಪನೀರ್ ಪರವಾಗಿಲ್ಲ.

ನನಗೆ ಊಟಕ್ಕಿಂತ ಜಾಸ್ತಿ ಭಯ ಅಂಗಡಿಯ ಕೆಮ್ಮಿನ ಸಿರಪ್ಪಿನದು. ಅದರಲ್ಲಿ ಡೆಕ್ಸ್ಟ್ರೊಮೆಥಾರ್ಫನ್ ಇದ್ದರೆ ಸೆರೊಟೋನಿನ್ ಮಿತಿಮೀರಿ ಜ್ವರ, ನಡುಕ, ಗೊಂದಲ ಶುರುವಾಗಬಹುದು. ನೆಗಡಿ ಮಾತ್ರೆಯ ಸ್ಯೂಡೋಎಫೆಡ್ರಿನ್ ಬಿಪಿ ಏರಿಸುತ್ತದೆ. ಅದಕ್ಕೇ ಈ ಮಾತ್ರೆ ನುಂಗುತ್ತಿದ್ದಾರೆ ಎಂದು ತಿಳಿಸುವ ಎಚ್ಚರಿಕೆಯ ಕಾರ್ಡನ್ನು ಪರ್ಸಿನಲ್ಲಿ ಇಡಿಸುತ್ತೇನೆ. ಸುಮ್ನೆ ಇಟ್ಟುಕೊಂಡರೆ ಸಾಲದು. ಔಷಧಿ ಅಂಗಡಿಯಲ್ಲಿ, ಹಲ್ಲಿನ ಡಾಕ್ಟರ ಬಳಿ, ಎಲ್ಲಿ ಹೋದರೂ ಮೊದಲು ಅದನ್ನೇ ತೋರಿಸಬೇಕು.