ಅಡಿಕೆ ತೋಟದ ಎಟಿವಿ: ಆರೈಕೆ ಮತ್ತು ಎಚ್ಚರ

ಕಾಸರಗೋಡು ಜಿಲ್ಲೆಯ ಬದಿಯಡ್ಕ, ಎಣ್ಮಕಜೆ, ಬೆಳ್ಳೂರು ಕಡೆಯಂತೆ ಗುಡ್ಡೆಯಲ್ಲಿ ಮನೆ, ತಗ್ಗಿನಲ್ಲಿ ತೋಟ ಇರುವಲ್ಲಿ ಗೊಬ್ಬರ ಮತ್ತು ಅಡಿಕೆಗೊನೆ ಸಾಗಿಸಲು ಎಟಿವಿ (ಏರುತಗ್ಗಿನ ನೆಲದಲ್ಲೂ ಓಡುವ, ಅಗಲ ಟೈರಿನ ಸಣ್ಣ ವಾಹನ) ಇಟ್ಟುಕೊಂಡವರು ಅದರ ಜೊತೆಗೇ ಕಡಿಮೆ ಒತ್ತಡವನ್ನು ತೋರಿಸುವ ಗಾಳಿಯ ಗೇಜನ್ನೂ ಕೊಳ್ಳಬೇಕು. ಈ ವಾಹನದ ಟೈರುಗಳಿಗೆ ಸಾಮಾನ್ಯವಾಗಿ 4ರಿಂದ 7 ಪಿಎಸ್‌ಐ ಗಾಳಿ ಸಾಕಾಗುತ್ತದೆ. ಕಾರಿನ ಟೈರಿನಂತೆ ಬಿಗಿಯಾಗಿ ತುಂಬಿದರೆ ಪಾಚಿ ಹಿಡಿದ ಮುರಕಲ್ಲಿನ ಮೇಲೆ ಚಕ್ರ ಜಾರುತ್ತದೆ. ನಿಮ್ಮ ಮಾದರಿಗೆ ಹೊಂದುವ ಅಂಕಿಯನ್ನು ಕೈಪಿಡಿಯಲ್ಲಿ ನೋಡಿ, ಟೈರು ತಣ್ಣಗಿರುವಾಗಲೇ ಅಳೆಯಿರಿ.

ಬೇಸಿಗೆಯ ಕೆಂಪು ಧೂಳಿಗೆ ಏರ್ ಫಿಲ್ಟರ್ ಬೇಗ ಕಟ್ಟಿಕೊಳ್ಳುತ್ತದೆ. ಸ್ಪಂಜಿನ ಫಿಲ್ಟರನ್ನು ಸಾಬೂನು ನೀರಿನಲ್ಲಿ ತೊಳೆದು, ಹಿಂಡಿ ತಿರುಚದೆ ಮೆಲ್ಲನೆ ಒತ್ತಿ, ಪೂರ್ತಿ ಒಣಗಿಸಿ, ಫಿಲ್ಟರ್ ಎಣ್ಣೆ ಸವರಿ ಜೋಡಿಸಬೇಕು. ತೋಡು (ಸಣ್ಣ ಹಳ್ಳ) ದಾಟಿದ ನಂತರ ಬ್ರೇಕನ್ನು ಕೆಲವು ಸಲ ಒತ್ತಿ ಒಣಗಿಸಿಕೊಳ್ಳಿ. ಎಂಜಿನ್ ಎಣ್ಣೆ ಹಾಲಿನ ಬಣ್ಣಕ್ಕೆ ತಿರುಗಿದ್ದರೆ ಒಳಗೆ ನೀರು ಸೇರಿದೆ ಎಂದರ್ಥ. ಅಂತಹ ಎಂಜಿನನ್ನು ಚಾಲೂ ಮಾಡಲೇಬಾರದು.

ನಮ್ಮ ಕಡೆ ಈ ವಾಹನಕ್ಕೆ ಹೆಚ್ಚಿನ ಪರೀಕ್ಷೆ ಬರುವುದು ಅಡಿಕೆಯ ಕೊಳೆರೋಗಕ್ಕೆ ಮದ್ದು ಬಿಡುವ ಸಮಯದಲ್ಲಿ. ಆ ಮದ್ದಾದ ಬೋರ್ಡೋ ದ್ರಾವಣಕ್ಕೆ ಬಳಸುವ ಮೈಲುತುತ್ತು (ತಾಮ್ರದ ಸಲ್ಫೇಟ್) ಕಬ್ಬಿಣವನ್ನು ತಿನ್ನುತ್ತದೆ, ಆದ್ದರಿಂದಲೇ ಅದನ್ನು ಪ್ಲಾಸ್ಟಿಕ್ ಪಾತ್ರೆಯಲ್ಲಿ ಕರಗಿಸುತ್ತೇವೆ. ಅದು ಕ್ಯಾರಿಯರಿನ ಮೇಲೋ ಚಾಸಿಯ ಮೇಲೋ ಚೆಲ್ಲಿದರೆ ಅದೇ ದಿನ ಧಾರಾಳ ನೀರಿನಿಂದ ತೊಳೆದು, ಒಣಗಿದ ಮೇಲೆ ಗ್ರೀಸ್ ನಿಪ್ಪಲುಗಳಿಗೆ ಹೊಸ ಗ್ರೀಸ್ ತುಂಬಿಸಬೇಕು. ತೊಳೆಯುವಾಗ ಪ್ರೆಶರ್ ಪಂಪಿನ ಧಾರೆಯನ್ನು ಬೇರಿಂಗ್, ವಯರಿಂಗ್, ಗಾಳಿ ಎಳೆಯುವ ಕೊಳವೆಗಳ ಕಡೆಗೆ ಹಿಡಿಯಬಾರದು.

ಭಾರದ ಲೆಕ್ಕ ಇನ್ನೂ ಮುಖ್ಯ. ನೂರು ಲೀಟರ್ ದ್ರಾವಣವೆಂದರೆ 100 ಕಿಲೋಗಿಂತಲೂ ಹೆಚ್ಚು ಭಾರವಾಗುತ್ತದೆ; ಹಲವು ಎಟಿವಿಗಳ ಹಿಂದಿನ ಕ್ಯಾರಿಯರ್ ಅಷ್ಟನ್ನು ಹೊರಲಾರದು. ಅರ್ಧ ತುಂಬಿದ ಡ್ರಮ್ಮು ಮತ್ತೂ ಅಪಾಯಕಾರಿ, ಏಕೆಂದರೆ ತಿರುವಿನಲ್ಲಿ ದ್ರಾವಣ ಒಂದು ಬದಿಗೆ ನುಗ್ಗಿ ವಾಹನವನ್ನೇ ಮಗುಚಬಲ್ಲದು. ಆದ್ದರಿಂದ ಸಣ್ಣ ಕ್ಯಾನುಗಳನ್ನು ಪೂರ್ತಿ ತುಂಬಿಸಿ, ಬಿಗಿಯಾಗಿ ಕಟ್ಟಿ ಒಯ್ಯುವುದು ಲೇಸು. ಗುಡ್ಡೆಗೆ ಅಡ್ಡಲಾಗಿ ಓಡಿಸದೆ ನೇರವಾಗಿ ಹತ್ತಿರಿ. ಹತ್ತುವಾಗ ಮೈಯನ್ನು ಮುಂದಕ್ಕೆ ಬಾಗಿಸಿ, ಇಳಿಯುವಾಗ ಸಣ್ಣ ಗಿಯರಿನಲ್ಲಿ ಹಿಂದಕ್ಕೆ ಸರಿದು ಕುಳಿತುಕೊಳ್ಳಿ. ಒಬ್ಬರಿಗೆಂದೇ ತಯಾರಾದ ಸೀಟಿನಲ್ಲಿ, ಕೆಲಸದವರು ಎಷ್ಟೇ ದಣಿದಿದ್ದರೂ, ಇನ್ನೊಬ್ಬರನ್ನು ಕೂರಿಸಬೇಡಿ. ನೀರಿಗಾಗಿ ಗುಡ್ಡೆಯೊಳಗೆ ಅಡ್ಡಲಾಗಿ ಕೊರೆದ ಸುರಂಗದ ಮಾಡು ತೆಳುವಾಗಿರುವ ಜಾಗದ ಮೇಲೆ ವಾಹನ ಹಾಯಿಸುವುದೂ ಬೇಡ.

ಪಂಚಾಯತಿನ ರಸ್ತೆಯೂ ಸಾರ್ವಜನಿಕ ಸ್ಥಳವೇ. 1988ರ ಮೋಟಾರು ವಾಹನ ಕಾಯ್ದೆಯ 39ನೇ ಕಲಮಿನಂತೆ ನೋಂದಣಿಯಿಲ್ಲದ ವಾಹನವನ್ನು ಅಲ್ಲಿ ಓಡಿಸುವಂತಿಲ್ಲ. ನಿಮ್ಮ ಎರಡು ತುಂಡು ತೋಟಗಳ ನಡುವೆ ಇಂತಹ ರಸ್ತೆಯಿದ್ದರೆ, ಎಟಿವಿ ಕೊಳ್ಳುವ ಮೊದಲೇ ಆರ್‌ಟಿಒ ಕಚೇರಿಯಲ್ಲಿ ಆ ಮಾದರಿಗೆ ನೋಂದಣಿ ಸಿಗುವುದೇ ಎಂದು ವಿಚಾರಿಸಿಕೊಳ್ಳಿ.