ರೈಜೋಬಿಯಂ ಬೀಜೋಪಚಾರ: ಉಪ್ಪಿನ ಹೊಡೆತ ತಪ್ಪಿಸುವುದು ಹೇಗೆ?

ಮಲೆನಾಡಿನ ಮಣ್ಣಿನಲ್ಲಿ ಉಪ್ಪು ನಿಲ್ಲುವುದಿಲ್ಲ. ತೀರ್ಥಹಳ್ಳಿ, ಹೊಸನಗರ, ಸಾಗರದ ಮಳೆ ಅದನ್ನು ತೊಳೆದೊಯ್ದು ಹುಳಿಮಣ್ಣನ್ನು ಉಳಿಸುತ್ತದೆ. ಆದರೂ ಭತ್ತ ಕೊಯ್ದ ಗದ್ದೆಯಲ್ಲಿ ಅಲಸಂದೆ, ಉದ್ದು ಬಿತ್ತುವಾಗ ಬೀಜಕ್ಕೆ ಹಚ್ಚಿದ ರೈಜೋಬಿಯಂ (ಬೇರಿನಲ್ಲಿ ಗಂಟು ಕಟ್ಟಿ ಗಾಳಿಯ ಸಾರಜನಕವನ್ನು ಗಿಡಕ್ಕೆ ಒದಗಿಸುವ ಬ್ಯಾಕ್ಟೀರಿಯಾ) ಎಷ್ಟೋ ಸಲ ಉಪ್ಪಿಗೇ ಬಲಿಯಾಗುತ್ತದೆ. ಆ ಉಪ್ಪು ಬರುವುದು ಗೊಬ್ಬರದ ಚೀಲದಿಂದ.

ಸುತ್ತಲಿನ ತೇವದಲ್ಲಿ ಲವಣ ಏರಿದರೆ ಜೀವಕೋಶದೊಳಗಿನ ನೀರು ಹೊರಗೆ ಹೋಗುತ್ತದೆ. ಬ್ಯಾಕ್ಟೀರಿಯಾ ಮೊದಲು ಪೊಟ್ಯಾಸಿಯಂ ಎಳೆದುಕೊಂಡು, ಜೊತೆಗೆ ಗ್ಲುಟಾಮೇಟ್ ಎಂಬ ಅಮೈನೋ ಆಮ್ಲ ತಯಾರಿಸಿ ಒಳಗಿನ ಒತ್ತಡ ಕಾಯ್ದುಕೊಳ್ಳುತ್ತದೆ. ಇದು ತುರ್ತಿನ ಉಪಾಯ. ಆಮೇಲೆ ಟ್ರೆಹಲೋಸ್ ಎಂಬ ಸಕ್ಕರೆ, ಗ್ಲೈಸಿನ್ ಬೀಟೈನ್‌ನಂಥ ವಸ್ತುಗಳನ್ನು ಕೂಡಿಡುತ್ತದೆ. ಇವು ಹೆಚ್ಚು ತುಂಬಿದರೂ ಕೋಶದ ಕೆಲಸ ಕೆಡುವುದಿಲ್ಲ. ಕುದುರೆಮೆಂತೆಯ ಬೇರಿನಲ್ಲಿರುವ ಸೈನೋರೈಜೋಬಿಯಂ ಮೆಲಿಲೋಟಿ ಎಂಬ ಇದೇ ಬಳಗದ ಬ್ಯಾಕ್ಟೀರಿಯಾವಂತೂ ಕೋಲಿನ್ ಎಂಬ ವಸ್ತುವಿನಿಂದ ಬೀಟೈನ್ ಮಾಡಿಕೊಂಡು, ಉಪ್ಪು ಇಳಿದ ಮೇಲೆ ಅದನ್ನೇ ಆಹಾರವಾಗಿ ಬಳಸುತ್ತದೆ. ನಮ್ಮ ಅಲಸಂದೆ, ಉದ್ದಿಗೆ ಬೇಕಾದ, ಇದೇ ಬಳಗದ ಬ್ರಾಡಿರೈಜೋಬಿಯಂ ನಿಧಾನವಾಗಿ ಬೆಳೆಯುವಂಥದ್ದು, ಸಾಮಾನ್ಯವಾಗಿ ಉಪ್ಪಿಗೆ ಇನ್ನೂ ಸೂಕ್ಷ್ಮ. ಈ ಹೊಂದಾಣಿಕೆಗೆಲ್ಲ ಸಮಯ ಬೇಕು. ಒಮ್ಮೆಲೇ ಗೊಬ್ಬರದ ಹರಳು ತಾಗಿದರೆ ಆ ಸಮಯ ಸಿಗುವುದಿಲ್ಲ.

ಮೊದಲು ಅಂಟು ಮಾಡಿಕೊಳ್ಳಿ. ಅರ್ಧ ಲೀಟರ್ ನೀರಿಗೆ 50 ಗ್ರಾಂ ಬೆಲ್ಲ ಹಾಕಿ ಕುದಿಸಿ, ಪೂರ್ತಿ ಆರಿಸಿ. ಚೆನ್ನಾಗಿ ಅಂಟಲಿ ಎಂದು ಪಾಕದಂತೆ ಗಟ್ಟಿ ಮಾಡಬೇಡಿ: ಗಟ್ಟಿ ಬೆಲ್ಲದ ನೀರೂ ಉಪ್ಪಿನಂತೆಯೇ ಕೋಶದ ನೀರು ಹೀರುತ್ತದೆ. ಬಿಸಿ ಇರುವಾಗಲೇ ರೈಜೋಬಿಯಂ ಪುಡಿ ಬೆರೆಸಿದರೆ ಅಣುಜೀವಿ ಅಲ್ಲೇ ಸಾಯುತ್ತದೆ.

ಆರಿದ ಬೆಲ್ಲದ ನೀರಿಗೆ 200 ಗ್ರಾಂ ಪೊಟ್ಟಣದ ಪುಡಿ ಕಲಸಿ. ಪೊಟ್ಟಣದ ಮೇಲೆ ನಿಮ್ಮ ಬೆಳೆಯ ಹೆಸರು, ಅವಧಿ ಮುಗಿಯುವ ದಿನಾಂಕ ನೋಡಿಯೇ ಕೊಳ್ಳಿ. 10 ಕೆಜಿ ಬೀಜವನ್ನು ಗೋಣಿತಾಟಿನ ಮೇಲೆ ಹರಡಿ, ಈ ಮಿಶ್ರಣವನ್ನು ಸ್ವಲ್ಪಸ್ವಲ್ಪವೇ ಹಾಕುತ್ತಾ ಕೈಯಲ್ಲಿ ಹಗುರಾಗಿ ಹೊರಳಿಸಿ. ಬೀಜ ಒದ್ದೆಯಾಗಿ ತೊಟ್ಟಿಕ್ಕಬಾರದು. ಅಷ್ಟಾದರೆ ನಿಲ್ಲಿಸಿ, ಮಿಶ್ರಣ ಉಳಿದರೂ ಪರವಾಗಿಲ್ಲ. ತಿಕ್ಕಿದರೆ ಉದ್ದಿನ ಸಿಪ್ಪೆ ಏಳುತ್ತದೆ.

ಹುಳಿಮಣ್ಣಿನ ಗದ್ದೆಯಾದರೆ, ಅಂಟು ಹಸಿಯಿರುವಾಗಲೇ ನುಣ್ಣನೆಯ ಕ್ಯಾಲ್ಸಿಯಂ ಕಾರ್ಬೊನೇಟ್ ಪುಡಿಯನ್ನು ಸುಮಾರು 600 ಗ್ರಾಂ ಲೇಪಿಸಿ. ಎಲೆಯಡಿಕೆಗೆ ಬಳಸುವ ಸುಣ್ಣವನ್ನು ಎಂದೂ ಹಾಕಬೇಡಿ, ಅದರ ತೀಕ್ಷ್ಣ ಕ್ಷಾರಕ್ಕೆ ಬ್ಯಾಕ್ಟೀರಿಯಾ ಉಳಿಯದು.

ನೆರಳಲ್ಲಿ ಅರ್ಧ ಗಂಟೆ ಆರಿಸಿ, ಅದೇ ದಿನ ಬಿತ್ತಿ. ಒಣಗುವುದೂ ಬ್ಯಾಕ್ಟೀರಿಯಾಕ್ಕೆ ನೀರಿನ ಬರವೇ. ಟ್ರೆಹಲೋಸ್ ಸ್ವಲ್ಪ ಕಾಪಾಡುತ್ತದೆ, ಆದರೆ ಬಿಸಿಲಿಗೆ ಹಾಕಿದ ಬೀಜವನ್ನು ಅದೂ ಉಳಿಸಲಾರದು. ಶಿಲೀಂಧ್ರನಾಶಕ ಬೇಕಿದ್ದರೆ ಹಿಂದಿನ ದಿನವೇ ಹಚ್ಚಿ ಮುಗಿಸಿ, ರೈಜೋಬಿಯಂ ಕೊನೆಗೆ.

ಇನ್ನು ಗೊಬ್ಬರ. ಲೇಪಿಸಿದ ಬೀಜವನ್ನು ಡಿಎಪಿ, ಪೊಟ್ಯಾಷ್ ಜೊತೆ ಒಂದೇ ಬುಟ್ಟಿಯಲ್ಲಿ ಬೆರೆಸಿ ಬಿತ್ತುವುದು ಎಲ್ಲಕ್ಕಿಂತ ಕೆಟ್ಟ ಪದ್ಧತಿ. ಕರಗುವ ಹರಳಿನ ಸುತ್ತ ಮಣ್ಣಿನ ತೇವ ಗಾಢ ಉಪ್ಪುನೀರಾಗುತ್ತದೆ, ಹಿಂಗಾರಿನ ಉಳಿಕೆ ತೇವದಲ್ಲಂತೂ ಅದು ತೆಳುವಾಗುವ ಅವಕಾಶವೇ ಕಡಿಮೆ. ಗೊಬ್ಬರವನ್ನು ಬೀಜದಿಂದ 5 ಸೆಂ.ಮೀ. ಪಕ್ಕಕ್ಕೆ, 5 ಸೆಂ.ಮೀ. ಕೆಳಗೆ ಬೀಳಿಸಿ. ಬ್ಯಾಕ್ಟೀರಿಯಾ ಹೇಗೋ ಬದುಕಿದರೂ ಗಿಡದ ಬೇರುರೋಮ ಉಪ್ಪಿಗೆ ಅದಕ್ಕಿಂತ ಬೇಗ ಸೋಲುತ್ತದೆ. ಬ್ಯಾಕ್ಟೀರಿಯಾ ಒಳಹೋಗಲು ರೋಮ ಸುರುಳಿಯಾಗಬೇಕು, ಇಲ್ಲದಿದ್ದರೆ ಗಂಟು ಕಟ್ಟುವುದಿಲ್ಲ. ಸಾರಜನಕ ಜಾಸ್ತಿಯಾದರೂ ಗಂಟು ಕಡಿಮೆ.

30–35 ದಿನಕ್ಕೆ ಕೆಲವು ಗಿಡಗಳನ್ನು ಮಣ್ಣುಸಮೇತ ಸಲಿಕೆಯಿಂದ ಎತ್ತಿ, ಬೇರನ್ನು ನೀರಲ್ಲಿ ಅದ್ದಿ ಬಿಡಿಸಿ. ಗಂಟನ್ನು ಉಗುರಿನಿಂದ ಸೀಳಿದಾಗ ಒಳಗೆ ನಸುಗೆಂಪು ಕಂಡರೆ ಸಾರಜನಕ ಸ್ಥಿರೀಕರಣ ನಡೆದಿದೆ. ಬಿಳಿ ಅಥವಾ ಹಸಿರಾಗಿದ್ದರೆ ಗಂಟು ಕೆಲಸ ಮಾಡುತ್ತಿಲ್ಲ. ಗೊಬ್ಬರ ಬಿದ್ದ ಸಾಲಿನಲ್ಲಿ ಮಾತ್ರ ಗಂಟಿಲ್ಲದಿದ್ದರೆ ಅಂತರ ತಪ್ಪಿದೆ. ಇಡೀ ಗದ್ದೆಯಲ್ಲೇ ಇಲ್ಲದಿದ್ದರೆ ಪೊಟ್ಟಣವನ್ನೂ ಮಣ್ಣಿನ ರಸಸಾರವನ್ನೂ (ಪಿಎಚ್, ಅಂದರೆ ಹುಳಿ-ಕ್ಷಾರದ ಮಟ್ಟ) ಪರೀಕ್ಷಿಸಿ.